ಬೆಂಗಳೂರಿನ ಮನೆಯನ್ನು ನಾಯಿ-ಬೆಕ್ಕುಗಳಿಗೆ ಸುರಕ್ಷಿತಗೊಳಿಸುವ ಬಗೆ

ನಾಯಿಮರಿಯನ್ನೋ ಬೆಕ್ಕಿನ ಮರಿಯನ್ನೋ ಮನೆಗೆ ತರುವ ಮುನ್ನ ಹೆಚ್ಚಿನವರು ತಿನ್ನುವ ಬಟ್ಟಲು, ಹಾಸಿಗೆ, ಕೊರಳಪಟ್ಟಿ, ಆಹಾರದ ಚೀಲ ಇಷ್ಟನ್ನು ಕೊಂಡು ತಯಾರಿ ಮುಗಿಯಿತೆಂದು ತಿಳಿಯುತ್ತಾರೆ. ಇವುಗಳಲ್ಲಿ ಯಾವುದೂ ಒಂದು ವಾರ ತಡವಾದರೆ ಅನಾಹುತವಾಗುವುದಿಲ್ಲ. ಬಾಲ್ಕನಿಯ ಬಲೆ, ಸಂಪಿನ ಮುಚ್ಚಳ, ಮಾತ್ರೆಗಳ ಡಬ್ಬಿ, ಹೂದಾನಿಯಲ್ಲಿರುವ ಲಿಲಿ ಹೂವು ಇವು ಮಾತ್ರ ಒಂದು ದಿನವೂ ಕಾಯುವಂಥವಲ್ಲ. ಆದ್ದರಿಂದ ಇಲ್ಲಿ ಕೆಲಸಗಳನ್ನು ಕೋಣೆಗಳ ಕ್ರಮದಲ್ಲಿ ಹೇಳದೆ, ತಪ್ಪಿದರೆ ಸರಿಪಡಿಸಲು ಬಾರದವುಗಳು ಆದಷ್ಟು ಮೊದಲು ಬರುವಂತೆ ಜೋಡಿಸಿದ್ದೇನೆ. ಮರಿಗೆ ಬುದ್ಧಿ ಕಲಿಸಿ ಅಪಾಯದಿಂದ ದೂರ ಇಡುತ್ತೇವೆ ಎಂಬ ಭರವಸೆಯ ಮೇಲೆ ಈ ಯಾವ ಹಂತವನ್ನೂ ಮುಂದೂಡಬಾರದು. ಕಲಿಕೆಗೆ ತಿಂಗಳುಗಳು ಬೇಕು, ಮುಚ್ಚಳ ಹಾಕಲು ಒಂದು ಸಂಜೆ ಸಾಕು.

ಹಂತ 1: ನೆಲದ ಮಟ್ಟದಿಂದ ಮನೆಯನ್ನು ನೋಡುವುದು

ಈ ಕೆಲಸಕ್ಕೆ ಹಣ ಬೇಕಿಲ್ಲ. ಒಂದು ಕಾಗದ ಹಿಡಿದು, ಪ್ರತಿಯೊಂದು ಕೋಣೆಯಲ್ಲೂ ಮಂಡಿಯೂರಿ ಕುಳಿತು, ನೆಲದಿಂದ ಎರಡಡಿ ಎತ್ತರದೊಳಗೆ ಬಾಯಿಗೆ ಸಿಗುವುದನ್ನೆಲ್ಲ ಬರೆದುಕೊಳ್ಳಬೇಕು. ನಿಂತು ನೋಡಿದಾಗ ಕಾಣದ ಎಷ್ಟೋ ವಸ್ತುಗಳು ಆಗ ಕಾಣುತ್ತವೆ: ಸೋಫಾದ ಹಿಂದೆ ಇಳಿಬಿದ್ದ ಚಾರ್ಜರ್ ತಂತಿ, ಮಂಚದ ಕೆಳಗಿನ ಟ್ರಂಕಿನಿಂದ ಉರುಳಿ ಬಂದ ನುಸಿಗುಳಿಗೆ, ಹೊಲಿಗೆ ಡಬ್ಬಿಯಿಂದ ಜಾರಿದ ಸೂಜಿ-ದಾರ, ದೇವರ ಗೂಡಿನ ಕೆಳತಟ್ಟಿನಲ್ಲಿರುವ ಕರ್ಪೂರದ ಪೊಟ್ಟಣ. ನುಸಿಗುಳಿಗೆಯಾಗಲಿ ಕರ್ಪೂರವಾಗಲಿ ನುಂಗಿದರೆ ವಿಷ. ಕರ್ಪೂರದಿಂದ ಫಿಟ್ಸ್ ಬರುವುದುಂಟು. ಬೆಕ್ಕು ಬರುವುದಾದರೆ ಇನ್ನೊಂದು ಸುತ್ತು ಮೇಲ್ಮಟ್ಟದಲ್ಲಿಯೂ ಆಗಬೇಕು, ಏಕೆಂದರೆ ಫ್ರಿಜ್‌ನ ನೆತ್ತಿ, ಸಜ್ಜಾ, ಬೀರುವಿನ ಮೇಲಿನ ಪೆಟ್ಟಿಗೆಗಳ ಸಾಲು ಎಲ್ಲವೂ ಅದರ ಓಡಾಟದ ದಾರಿಯೇ.

ಮರಿಗಳಿಗೆ ಮೂರರಿಂದ ಏಳು ತಿಂಗಳವರೆಗೆ ಹಲ್ಲು ಬದಲಾಗುವ ಕಾಲ. ಆಗ ತಂತಿ ಕಚ್ಚುವ ಚಪಲ ಹೆಚ್ಚು. ವಿದ್ಯುತ್ ಹರಿಯುತ್ತಿರುವ ತಂತಿಯನ್ನು ಕಚ್ಚಿದರೆ ಬಾಯಿ ಸುಡುವುದಷ್ಟೇ ಅಲ್ಲದೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ಎಲೆಕ್ಟ್ರಿಷಿಯನ್‌ಗಳು ಗೋಡೆಗೆ ಹೊಡೆಯುವ ಪಿವಿಸಿ ಪಟ್ಟಿಯೊಳಗೆ ತಂತಿಗಳನ್ನು ಸೇರಿಸಿಬಿಟ್ಟರೆ ಈ ಚಿಂತೆ ಬಹುಪಾಲು ತೀರುತ್ತದೆ. ನಮ್ಮ ಊರಿನ ಮನೆಗಳಲ್ಲಿ ಇನ್ನೊಂದು ವಸ್ತುವನ್ನು ಎಲ್ಲರೂ ಮರೆಯುತ್ತಾರೆ, ಅದು ಯುಪಿಎಸ್ ಬ್ಯಾಟರಿ. ಮೆಟ್ಟಿಲ ಕೆಳಗೋ ಯುಟಿಲಿಟಿಯ ಮೂಲೆಯಲ್ಲೋ ನೆಲದ ಮೇಲೆಯೇ ಕೂರಿಸಿರುವ ಆ ಬ್ಯಾಟರಿಯೊಳಗೆ ಸಲ್ಫ್ಯೂರಿಕ್ ಆಮ್ಲವಿರುತ್ತದೆ. ಮುಚ್ಚಳಗಳ ಸುತ್ತ ಅದರ ಪಸೆ ಒಸರಿರುತ್ತದೆ. ಗಾಳಿಕಿಂಡಿಗಳಿರುವ ಟ್ರಾಲಿ ಪೆಟ್ಟಿಗೆಯೊಳಗೆ ಅದನ್ನು ಇಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುಗಡೆಯಾಗುವುದರಿಂದ ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾತ್ರ ಕೂಡದು.

ಹಂತ 2: ಬಾಲ್ಕನಿ, ಕಿಟಕಿ, ಯುಟಿಲಿಟಿ

ಅಪಾರ್ಟ್‌ಮೆಂಟಿನಲ್ಲಿ ಬೆಕ್ಕು ಸಾಕುವವರು ಉಳಿದೆಲ್ಲಕ್ಕಿಂತ ಮೊದಲು ಹಣ ಹಾಕಬೇಕಾದ ಜಾಗ ಬಾಲ್ಕನಿ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದಕ್ಕೆ ಪುರಾವೆಯಾಗಿ ಬಹಳ ಜನ ಹೇಳುವುದು 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಪ್ರಕಟಿಸಿದ ಒಂದು ವರದಿಯನ್ನು. ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಅದರಲ್ಲಿತ್ತು, ಚಿಕಿತ್ಸೆ ಪಡೆದವುಗಳಲ್ಲಿ ಶೇಕಡ 90ರಷ್ಟು ಬದುಕಿದ್ದವು. ಆದರೆ ಆ ಲೆಕ್ಕ ಆಸ್ಪತ್ರೆಯ ಬಾಗಿಲಿಗೆ ಬಂದ ಬೆಕ್ಕುಗಳದ್ದು ಮಾತ್ರ. ಬಿದ್ದ ಜಾಗದಲ್ಲೇ ಸತ್ತವುಗಳನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ ಎಂಬುದನ್ನು ಮರೆತು ಆ ಸಂಖ್ಯೆಯನ್ನು ನಂಬಬಾರದು. ಬದುಕಿದವುಗಳಲ್ಲೂ ಶ್ವಾಸಕೋಶಕ್ಕೆ ಪೆಟ್ಟು, ಒಡೆದ ದವಡೆ, ಸೀಳಿದ ಅಂಗುಳು ಸಾಮಾನ್ಯ. ಬಿದ್ದ ಬೆಕ್ಕು ಎದ್ದು ನಡೆದಾಡಿದರೂ ಅದೇ ದಿನ ಎಕ್ಸ್‌ರೇ ಮಾಡಿಸಬೇಕು.

ನಮ್ಮಲ್ಲಿ ಬಾಲ್ಕನಿಗೆ ಸಾಮಾನ್ಯವಾಗಿ ಕಟ್ಟಿಸುವುದು ಪಾರಿವಾಳದ ನೈಲಾನ್ ಬಲೆ. ಅದು ಹಕ್ಕಿ ಒಳಗೆ ಬರದಂತೆ ಮಾಡಿದ್ದೇ ಹೊರತು ಬೆಕ್ಕು ಹೊರಗೆ ಹೋಗದಂತೆ ಮಾಡಿದ್ದಲ್ಲ. ಬಿಸಿಲಿಗೆ ಎರಡು ಮೂರು ವರ್ಷ ಒಣಗಿದ ಬಲೆಯ ಎಳೆಯನ್ನು ಬೆರಳಿನಿಂದ ಜಗ್ಗಿ ನೋಡಿದರೆ ಅದು ಪುಡಿಯುದುರುವುದನ್ನು ಕಾಣಬಹುದು. ಹೊಸ ಬಲೆಯನ್ನೂ ಬೆಕ್ಕು ಒಂದು ರಾತ್ರಿಯಲ್ಲಿ ಕಡಿದು ಕಿಂಡಿ ಮಾಡಬಲ್ಲದು. ಬಲೆಯೇ ಇರಲಿ ಎನ್ನುವವರು ಕೊಕ್ಕೆಗಳ ನಡುವಿನ ಅಂತರ, ನಾಲ್ಕೂ ಮೂಲೆಗಳು ಮತ್ತು ನೆಲದ ಅಂಚನ್ನು ತಿಂಗಳಿಗೊಮ್ಮೆ ಕೈಯಾಡಿಸಿ ಪರೀಕ್ಷಿಸಬೇಕು. ಈಚೆಗೆ ಜನಪ್ರಿಯವಾಗಿರುವ ಉಕ್ಕಿನ ತಂತಿಯ ‘ಇನ್ವಿಸಿಬಲ್ ಗ್ರಿಲ್’ ಗಟ್ಟಿಯಾದದ್ದೇ, ಆದರೆ ತಂತಿಗಳ ನಡುವೆ ಎರಡಂಗುಲ ಬಿಟ್ಟರೆ ಬೆಕ್ಕಿನ ಮರಿ ನುಸುಳುತ್ತದೆ. ತಲೆ ತೂರಿದ ಕಿಂಡಿಯಲ್ಲಿ ಮೈಯೂ ತೂರುತ್ತದೆ ಎಂಬ ಒಂದೇ ಅಳತೆಯನ್ನು ನೆನಪಿಟ್ಟುಕೊಂಡರೆ ಸಾಕು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅಲ್ಯುಮಿನಿಯಂ ಚೌಕಟ್ಟಿಗೆ ಕೂರಿಸಿದ ಸ್ಟೀಲ್ ಜಾಲರಿ. ಕಿಟಕಿಗೂ ಅದೇ ಮಾತು: ಸೊಳ್ಳೆ ಪರದೆಯ ಫೈಬರ್ ಜಾಲರಿ ಉಗುರಿಗೆ ಹರಿಯುತ್ತದೆ, ಸ್ಟೀಲಿನದು ಹರಿಯುವುದಿಲ್ಲ. ಹೊರಗೋಡೆಯ ಅಂದ ಕೆಡುತ್ತದೆ ಎಂದು ಅಸೋಸಿಯೇಷನ್‌ನವರು ತಕರಾರು ತೆಗೆಯುವ ಸಂಭವವಿರುವುದರಿಂದ ಕೆಲಸ ಶುರುಮಾಡುವ ಮೊದಲೇ ಬರೆದು ಅನುಮತಿ ಪಡೆಯುವುದು ಕ್ಷೇಮ.

ಇಷ್ಟಾದ ಮೇಲೂ ಪ್ಯಾರಪೆಟ್ಟಿನ ಪಕ್ಕದಲ್ಲಿ ಸ್ಟೂಲು, ಹೂಕುಂಡ, ಹಳೆಯ ವಾರ್ತಾಪತ್ರಿಕೆಗಳ ಕಟ್ಟು ಇರಬಾರದು. ನಾಯಿಯೂ ಅದನ್ನೇ ಮೆಟ್ಟಿಲಾಗಿ ಬಳಸುತ್ತದೆ. ಯುಟಿಲಿಟಿಯಲ್ಲಿ ಮುಂದೆ ಬಾಗಿಲಿರುವ ವಾಷಿಂಗ್ ಮಷೀನ್ ಇದ್ದರೆ ಆ ಬಾಗಿಲು ಸದಾ ಮುಚ್ಚಿರಬೇಕು, ಬಟ್ಟೆ ಹಾಕುವ ಮುನ್ನ ಡ್ರಮ್ಮಿನೊಳಗೆ ಕೈಯಾಡಿಸಬೇಕು. ಬೆಚ್ಚಗಿನ ಬಟ್ಟೆಗಳ ನಡುವೆ ಮಲಗುವುದು ಬೆಕ್ಕಿನ ಸ್ವಭಾವ.

ಹಂತ 3: ಸಂಪು, ಗೇಟು, ಲಿಫ್ಟು

ಸ್ವಂತ ಮನೆಯವರಿಗೆ ಬಾಲ್ಕನಿಯ ಜಾಗದಲ್ಲಿ ಸಂಪು ಬರುತ್ತದೆ. ಸಂಪಿನ ಒಳಗೋಡೆ ನುಣುಪಾಗಿರುವುದರಿಂದ ಈಜು ಬಲ್ಲ ನಾಯಿಯೂ ಹತ್ತಿ ಬರಲಾರದು. ಕೂಗಿದರೂ ಸದ್ದು ಹೊರಗೆ ಕೇಳದು. ಕಬ್ಬಿಣದ ತಗಡಿನ ಮುಚ್ಚಳ ಕೀಲಿನ ಬಳಿ ಮತ್ತು ಅಂಚಿನಲ್ಲಿ ತುಕ್ಕು ಹಿಡಿದು ತೆಳುವಾಗಿರುತ್ತದೆ, ಅದರ ಮೇಲೆ ಕಾಲಿಟ್ಟು ನೋಡದೆ ತಿಳಿಯುವುದಿಲ್ಲ. ಹೆಚ್ಚಿನ ಅವಘಡಗಳಿಗೆ ಎಡೆಯಾಗುವುದು ಟ್ಯಾಂಕರ್ ಬಂದ ಹೊತ್ತು: ಪೈಪು ಇಳಿಬಿಟ್ಟು ಮುಚ್ಚಳ ತೆರೆದೇ ಇರುತ್ತದೆ, ಮನೆಯವರು ಹಣ ತರಲು ಒಳಗೆ ಹೋಗಿರುತ್ತಾರೆ. ಆದ್ದರಿಂದ ಮುಚ್ಚಳದ ಕೆಳಗೆ, ಪೈಪು ಇಳಿಯುವಷ್ಟು ಕಿಂಡಿ ಬಿಟ್ಟು, ಸರಳುಗಳ ಎರಡನೆಯ ಗ್ರಿಲ್ಲೊಂದನ್ನು ವೆಲ್ಡ್ ಮಾಡಿಸಿ ಕೂರಿಸಬೇಕು. ಮಕ್ಕಳಿರುವ ಮನೆಗೂ ಇದು ಬೇಕಾದದ್ದೇ. ನೀರು ಬಿಡುವ ದಿನ ನಾಯಿ ಒಳಗೆ ಕಟ್ಟಿಹಾಕಿರಲಿ.

ಗೇಟಿನ ಕೆಳಗಿನ ಸಂದು ನಾಲ್ಕಂಗುಲಕ್ಕಿಂತ ಹೆಚ್ಚಿದ್ದರೆ ಮರಿ ತೂರಿ ರಸ್ತೆಗೆ ಹೋಗುತ್ತದೆ, ಬೀದಿನಾಯಿಗಳು ಮೂತಿ ತೂರಿಸಿ ಕಚ್ಚುವುದೂ ಉಂಟು. ಒಂದು ತಗಡಿನ ಪಟ್ಟಿ ಸಾಕು. ಮನೆಗೆಲಸಕ್ಕೆ ಬರುವವರು, ಸಿಲಿಂಡರ್ ತರುವವರು, ಕೊರಿಯರ್‌ನವರು ಬಾಗಿಲು ತೆರೆದಿಟ್ಟು ನಿಲ್ಲುವ ಕ್ಷಣದಲ್ಲಿಯೇ ಪ್ರಾಣಿಗಳು ಹೊರಗೋಡುವುದು. ಅವರನ್ನು ದೂರಿ ಫಲವಿಲ್ಲ. ಬಾಗಿಲಿನ ಒಳಗೆ ಮಕ್ಕಳಿಗೆ ಹಾಕುವಂಥ ಗಿಡ್ಡ ಗೇಟೊಂದಿದ್ದರೆ ಸಮಸ್ಯೆ ಬಗೆಹರಿಯುತ್ತದೆ. ಆಷಾಢದ ಗಾಳಿಗೆ ದಬಾರನೆ ಬಡಿದುಕೊಳ್ಳುವ ಬಾಗಿಲುಗಳಿಗೆ ತಡೆ ಹಾಕದಿದ್ದರೆ ಬಾಲ, ಕಾಲು ಸಿಕ್ಕಿಕೊಳ್ಳುತ್ತವೆ. ಲಿಫ್ಟಿನಲ್ಲಿ ನಾಯಿಯನ್ನು ಮೊದಲು ಒಳಗೆ ಬಿಟ್ಟುಕೊಂಡು, ಹಗ್ಗವನ್ನು ಗಿಡ್ಡವಾಗಿ ಹಿಡಿದು, ಬಾಗಿಲು ಮುಚ್ಚುವವರೆಗೆ ಕಣ್ಣು ಅದರ ಮೇಲಿರಬೇಕು. ನಾಯಿ ಹೊರಗೆ, ಹಗ್ಗ ಒಳಗೆ ಆಗಿ ಲಿಫ್ಟ್ ಚಲಿಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹಂತ 4: ಮಾತ್ರೆಗಳನ್ನು ಬೀಗದೊಳಗೆ ಇಡುವುದು

ಜ್ವರ ಬಂದ ಬೆಕ್ಕಿಗೆ ಪ್ರೀತಿಯಿಂದ ಕಾಲು ಮಾತ್ರೆ ಪ್ಯಾರಸಿಟಮಾಲ್ ಕೊಡುವವರಿದ್ದಾರೆ. ಇದು ಕೊಲೆಗೆ ಸಮ. ಮನುಷ್ಯನ ಯಕೃತ್ತು ಪ್ಯಾರಸಿಟಮಾಲನ್ನು ಒಡೆದು ಹೊರಹಾಕಲು ಬಳಸುವ ಕಿಣ್ವದ ವ್ಯವಸ್ಥೆ ಬೆಕ್ಕಿನಲ್ಲಿ ತೀರ ದುರ್ಬಲವಾಗಿದೆ. ಒಳಗೇ ಉಳಿದ ಔಷಧ ರಕ್ತದ ಕೆಂಪುಕಣಗಳನ್ನು ಹಾಳುಗೆಡವಿ, ಅವು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ವಸಡು ಕಂದು ಅಥವಾ ನೀಲಿಯಾಗುವುದು, ಮುಖ ಮತ್ತು ಪಾದ ಊದಿಕೊಳ್ಳುವುದು, ಏದುಸಿರು ಇವು ಅದರ ಲಕ್ಷಣಗಳು. ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲೂ ಬೆಕ್ಕುಗಳಿಗೆ ವಿಷವೇರಿದ್ದುಂಟು. ಎಲ್ಲರ ಮನೆಯಲ್ಲೂ ಇರುವ ಡೋಲೋ ಮಾತ್ರೆಯಲ್ಲಿ 650 ಮಿಲಿಗ್ರಾಂ ಇದೆ, ಸಾಧಾರಣ ಬೆಕ್ಕಿನ ತೂಕ ನಾಲ್ಕು ಕಿಲೋ. ಐಬುಪ್ರೊಫೆನ್ ಇರುವ ನೋವಿನ ಮಾತ್ರೆಗಳು ನಾಯಿಗೂ ಬೆಕ್ಕಿಗೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಮನೆಯ ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿಂಬಿನ ಪಕ್ಕದಲ್ಲಿ, ಟಿವಿಯ ಮುಂದೆ ಇಡುವ ಅಭ್ಯಾಸ ನಿಲ್ಲಬೇಕು. ಪ್ಲಾಸ್ಟಿಕ್ ಡಬ್ಬಿಯನ್ನು ನಾಯಿ ಆಟಿಕೆಯಂತೆ ಅಗಿದು ಒಡೆಯುತ್ತದೆ, ಆದ್ದರಿಂದ ಬೀಗ ಅಥವಾ ಚಿಲಕವಿರುವ ಕಪಾಟೇ ಆಗಬೇಕು.

ಹಂತ 5: ಅಡುಗೆಮನೆ ಮತ್ತು ಕಸದ ಬುಟ್ಟಿ

ವಿಷವೆಂದರೆ ಚಾಕೊಲೇಟು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಅದು ನಿಜವೂ ಹೌದು: ಕಪ್ಪು ಚಾಕೊಲೇಟಿನ ಒಂದು ಗ್ರಾಂನಲ್ಲಿ ನಾಯಿಗೆ ವಿಷವಾಗುವ ಥಿಯೋಬ್ರೋಮಿನ್ ಎಂಬ ವಸ್ತು ಸುಮಾರು 5 ಮಿಲಿಗ್ರಾಂ ಇದ್ದು, ದೇಹತೂಕದ ಕಿಲೋಗೆ 20 ಮಿಲಿಗ್ರಾಂ ತಲುಪಿದಾಗ ವಾಂತಿ, ಚಡಪಡಿಕೆ ತೊಡಗುತ್ತವೆ. ಎಂದರೆ ಹತ್ತು ಕಿಲೋ ನಾಯಿಗೆ 40 ಗ್ರಾಂನ ಒಂದು ಚಿಕ್ಕ ಕಟ್ಟು ಸಾಕು. ಆದರೆ ನಮ್ಮ ಮನೆಗಳಲ್ಲಿ ದಿನವೂ ಕೈತಪ್ಪಿ ಬೀಳುವುದು ಬೇರೆಯವು. ಪಾಯಸದ ಒಣದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಾಳುಮಾಡುತ್ತವೆ, ಇಷ್ಟು ತಿಂದರೆ ಅಡ್ಡಿಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ. 2021ರಲ್ಲಿ ಪಶುವೈದ್ಯರು ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲವಿರಬಹುದೆಂದು ಸೂಚಿಸಿದ ಮೇಲೆ ಹುಣಸೆಹಣ್ಣಿನ ಮೇಲೂ ಅನುಮಾನ ಬಿದ್ದಿತು, ಏಕೆಂದರೆ ಆ ಆಮ್ಲ ಅದರಲ್ಲಿ ಧಾರಾಳವಾಗಿದೆ. ನೆನೆಹಾಕಿದ ಹುಣಸೆಯ ಬಟ್ಟಲು, ಹಿಂಡಿ ಬಿಸಾಡಿದ ನಾರು, ಪುಳಿಯೋಗರೆ ಗೊಜ್ಜು ಇವೆಲ್ಲ ನಾಯಿಗೆ ಸಿಗದಂತಿರಬೇಕು. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ವಿಷವೇ. ಅವು ಕೆಂಪುರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಬೇಗ. ಹಾಗಾಗಿ ಉಳಿದ ಹುಳಿ-ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುವ ಹಳೆಯ ಪದ್ಧತಿಯನ್ನು ಬಿಡುವುದೇ ಲೇಸು. ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಸಕ್ಕರೆಯ ಬದಲು ಹಾಕುವ ಝೈಲಿಟಾಲ್ ಇದ್ದರೆ ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು.

ವಿಷವಲ್ಲದಿದ್ದರೂ ಕರುಳಿಗೆ ಅಡ್ಡ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಗೆ ಎಡೆಮಾಡುವವು ಇನ್ನೊಂದು ಗುಂಪು: ಮಾವಿನ ವಾಟೆ, ಮುಸುಕಿನ ಜೋಳದ ದಿಂಡು, ಬೇಯಿಸಿದ ಕೋಳಿಮೂಳೆ. ಬೆಕ್ಕಿರುವ ಮನೆಯಲ್ಲಿ ಇವಕ್ಕೆ ಹೂವಿನ ದಾರವನ್ನೂ ಸೇರಿಸಬೇಕು. ಮುಡಿದು ತೆಗೆದ ಮಲ್ಲಿಗೆಯ ದಂಡೆಯನ್ನೋ ದೇವರ ಪಟದಿಂದ ತೆಗೆದ ಮಾಲೆಯನ್ನೋ ಬೆಕ್ಕು ಆಟವಾಡುತ್ತ ನುಂಗಲು ತೊಡಗುತ್ತದೆ; ಅದರ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಮ್ಮೆ ಒಳಗೆ ಹೋದ ದಾರವನ್ನು ಉಗುಳಲಾರದು. ದಾರದ ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಉಳಿದದ್ದು ಕರುಳಿಗಿಳಿದರೆ ಕರುಳು ಸುಕ್ಕುಗಟ್ಟಿ ಕತ್ತರಿಸಿಹೋಗುತ್ತದೆ. ಬಾಯಿಯಿಂದಾಗಲಿ ಹಿಂಬದಿಯಿಂದಾಗಲಿ ದಾರದ ತುದಿ ಕಂಡರೆ ಎಳೆಯಲೇಬಾರದು, ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ಇದಕ್ಕೆಲ್ಲ ಒಂದೇ ಉಪಾಯ, ಕಾಲಿನಿಂದ ಒತ್ತಿದರೆ ತೆರೆಯುವ ಭಾರದ ಮುಚ್ಚಳದ ಕಸದ ಬುಟ್ಟಿಯನ್ನು ಸಿಂಕಿನ ಕೆಳಗಿನ ಕಪಾಟಿನೊಳಗೆ ಇಡುವುದು. ಹಸಿಕಸವನ್ನು ರಾತ್ರಿಯೇ ಬಾಗಿಲಾಚೆ ಇಡುವ ಮನೆಗಳಲ್ಲಿ ಬೀದಿಯ ಪ್ರಾಣಿಗಳ ಸಲುವಾಗಿಯಾದರೂ ಬೆಳಿಗ್ಗೆ ಗಾಡಿ ಬಂದಾಗಲೇ ಇಡುವುದು ಒಳಿತು. ಗ್ಯಾಸ್ ಒಲೆಯ ಗುಬುಟಿಗೆ ಕಾಲು ತಗಲಿ ಅನಿಲ ಸೋರುವುದನ್ನು ತಡೆಯಲು ರಾತ್ರಿ ರೆಗ್ಯುಲೇಟರ್ ಮುಚ್ಚಿರಬೇಕು.

ಹಂತ 6: ಗಿಡ, ಹೂವು, ಗೊಬ್ಬರ

ಬೆಕ್ಕಿರುವ ಮನೆಯೊಳಗೆ ಲಿಲಿ ಹೂವು ಬರಕೂಡದು. ಹುಟ್ಟುಹಬ್ಬಕ್ಕೆ ಬರುವ ಹೂಗುಚ್ಛಗಳಲ್ಲಿ ಕಹಳೆಯಂತೆ ಅರಳಿರುವ ಆ ಹೂವಿನ ಎಲೆ, ದಳ, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಒಂದರಿಂದ ಮೂರು ದಿನಗಳಲ್ಲಿ ನಿಲ್ಲಿಸಿಬಿಡುತ್ತವೆ. ಮೈಗೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕಾಗುತ್ತದೆ. ಅದನ್ನು ಎತ್ತರದಲ್ಲಿ ಇಡುತ್ತೇವೆ ಎಂಬುದು ಬೆಕ್ಕಿನ ವಿಷಯದಲ್ಲಿ ಅರ್ಥವಿಲ್ಲದ ಮಾತು. ಪೂಜೆಗೆಂದು ಬೆಳೆಸುವ ಕಣಗಿಲೆ ಹೃದಯದ ಬಡಿತವನ್ನು ಕೆಡಿಸುತ್ತದೆ. ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಅಂದಕ್ಕೆ ನೆಡುವ, ಗಿಡ್ಡ ತಾಳೆಯಂತೆ ಕಾಣುವ ಸೈಕಸ್ ನಾಯಿಗಳಿಗೆ ಮಹಾವಿಷ. ಅದರ ಕಿತ್ತಳೆ ಬಣ್ಣದ ಬೀಜ ಒಂದೆರಡು ತಿಂದರೂ ಯಕೃತ್ತು ಕೆಡುತ್ತದೆ. ಮನಿಪ್ಲಾಂಟ್, ಡೈಫೆನ್‌ಬೇಕಿಯಾ ಬಾಯಿ ಉರಿಸುತ್ತವೆ, ಪ್ರಾಣ ತೆಗೆಯುವುದು ಅಪರೂಪ. ಲಾಲ್‌ಬಾಗಿನ ಸುತ್ತಲಿನ ನರ್ಸರಿಗಳಲ್ಲಿ ಗಿಡ ಕೊಳ್ಳುವಾಗ ದಾಸವಾಳ, ಅರೆಕಾ ತಾಳೆ, ತುಳಸಿ, ಜರೀಗಿಡಗಳನ್ನು ಆರಿಸಿಕೊಂಡರೆ ಚಿಂತೆಯಿಲ್ಲ.

ಗಿಡಕ್ಕಿಂತ ಗೊಬ್ಬರದತ್ತ ಹೆಚ್ಚು ಗಮನ ಬೇಕೆಂದು ನನಗನಿಸುತ್ತದೆ. ಹರಳು ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿದಿರಬಹುದು. ಮೂಳೆಪುಡಿಯ ಜೊತೆ ಬೆರೆಸಿದಾಗ ಅದರ ವಾಸನೆಗೆ ನಾಯಿ ಕುಂಡವನ್ನೇ ಕೆದರಿ ತಿನ್ನುತ್ತದೆ. ಹರಳು ಹಿಂಡಿಯನ್ನು ಬಿಟ್ಟು ಎರೆಗೊಬ್ಬರ ಬಳಸಬಹುದು.

ಹಂತ 7: ನೆಲ ಒರೆಸುವ ದ್ರವ, ಇಲಿಪಾಷಾಣ, ಉಣ್ಣೆಹುಳದ ಮದ್ದು

ಬೆಕ್ಕು ಪಾದವನ್ನು ನೆಕ್ಕುವ ಪ್ರಾಣಿಯಾದ್ದರಿಂದ ನೆಲಕ್ಕೆ ಹಾಕಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಫಿನಾಯಿಲ್ ಬೇಡವೇ ಬೇಡ. ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ದ್ರವಗಳನ್ನು ಬಾಟಲಿಯ ಮೇಲೆ ಹೇಳಿದ್ದಕ್ಕಿಂತ ಗಟ್ಟಿಯಾಗಿ ಕಲಸದೆ, ನೆಲ ಪೂರ್ತಿ ಒಣಗಿದ ಮೇಲೆಯೇ ಪ್ರಾಣಿಯನ್ನು ಬಿಡಬೇಕು. ಇಲ್ಲವಾದರೆ ನಾಲಿಗೆಯಲ್ಲಿ ಹುಣ್ಣಾಗುತ್ತದೆ.

ಇಲಿಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆ ಹೆಚ್ಚು ಮೋಸಗಾರ. ತಿಂದ ಮೂರರಿಂದ ಐದು ದಿನ ನಾಯಿ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಳಗೊಳಗೆ ರಕ್ತಸ್ರಾವ ಶುರುವಾಗುತ್ತದೆ. ಇದಕ್ಕೆ ವಿಟಮಿನ್ ಕೆ1 ಪ್ರತಿವಿಷವಾಗಿದ್ದು, ಬೇಗ ಕೊಟ್ಟರೆ ಬದುಕುತ್ತದೆ. ಮನೆಯಲ್ಲಿ ಬೋನು ಬಳಸಬಹುದು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕೀಟನಾಶಕ ಕಂಪನಿಯವರು ಏನನ್ನು ಎಲ್ಲಿ ಇಟ್ಟಿದ್ದಾರೆಂದು ಅಸೋಸಿಯೇಷನ್ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು.

ರಕ್ತ ಹೀರುವ ಉಣ್ಣೆಹುಳಗಳು ಬೆಂಗಳೂರಿನ ನಾಯಿಗಳಿಗೆ ವರ್ಷವಿಡೀ ಕಾಟ, ಅವು ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಜ್ವರಗಳು ಪ್ರಾಣಕ್ಕೇ ಎರವಾಗುತ್ತವೆ. ಮನೆಯೊಳಗೆ ನೆಲೆಸುವ ಕಂದು ಉಣ್ಣೆ ತನ್ನ ಬದುಕಿನ ಹೆಚ್ಚಿನ ಭಾಗವನ್ನು ನಾಯಿಯ ಮೈಮೇಲೆ ಕಳೆಯುವುದಿಲ್ಲ. ಸ್ಕರ್ಟಿಂಗ್ ಟೈಲ್ಸಿನ ಸಂದು, ಬಾಗಿಲುವಾಡದ ಬಿರುಕು, ಮಂಚದ ಕೀಲುಗಳಲ್ಲಿ ಸಾವಿರಾರು ಮೊಟ್ಟೆಯಿಟ್ಟು ಅಡಗಿರುತ್ತದೆ. ಹಾಗಾಗಿ ಬಿರುಕುಗಳಿಗೆ ಬಿಳಿ ಸಿಮೆಂಟು ತುಂಬಿಸುವುದೂ ಚಿಕಿತ್ಸೆಯ ಒಂದು ಭಾಗ. ನಾಯಿ-ಬೆಕ್ಕು ಎರಡೂ ಇರುವ ಮನೆಯವರಿಗೆ ಒಂದು ಎಚ್ಚರಿಕೆ: ಉಣ್ಣೆ ಸಾಯಲೆಂದು ನಾಯಿಯ ಬೆನ್ನಿಗೆ ಹಾಕುವ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಮದ್ದು ಬೆಕ್ಕನ್ನು ಕೊಲ್ಲುತ್ತದೆ, ಹಾಕಿಸಿಕೊಂಡ ನಾಯಿಗೆ ಒರಗಿ ಮಲಗಿದರೂ ನಡುಕ ಬರುತ್ತದೆ.

ಹಂತ 8: ಋತು ಮತ್ತು ಹಬ್ಬಗಳಿಗೆ ತಕ್ಕಂತೆ

ಮಳೆಗಾಲದಲ್ಲಿ ಅಂಗಳಕ್ಕೆ ಬರುವ ನೆಲಗಪ್ಪೆಯನ್ನು ನಾಯಿ ಕಚ್ಚಿದರೆ ಬಾಯಿಯಿಂದ ನೊರೆ ಸುರಿಯುತ್ತದೆ. ತಲೆಯನ್ನು ಕೆಳಮುಖವಾಗಿ ಹಿಡಿದು, ನೀರು ಗಂಟಲಿಗಿಳಿಯದಂತೆ ಬಾಯಿಯನ್ನು ಹತ್ತು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಕನಕಪುರ ರಸ್ತೆ, ಬನ್ನೇರುಘಟ್ಟ, ಹೆಸರಘಟ್ಟದ ಕಡೆಯ ಹೊಸ ಬಡಾವಣೆಗಳಲ್ಲಿ ನಾಗರ, ಕೊಳಕುಮಂಡಲ ಸಿಗುವುದು ಸಾಮಾನ್ಯ. ಇಟ್ಟಿಗೆ, ಸೌದೆಗಳ ರಾಶಿ ತೆಗೆಸಿ, ಮೋರಿಯ ಬಾಯಿಗೆ ಜಾಲರಿ ಹಾಕಿಸಬೇಕು. ಮನುಷ್ಯರಿಗೆ ಕೊಡುವ ಹಾವಿನ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಇಲಿಜ್ವರ ಬರುವುದರಿಂದ ಅದರ ಲಸಿಕೆಯನ್ನು ರೇಬಿಸ್ ಲಸಿಕೆಯಷ್ಟೇ ಕಟ್ಟುನಿಟ್ಟಾಗಿ ಹಾಕಿಸಬೇಕು. ಬೇಸಿಗೆಯಲ್ಲಿ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಅಥವಾ ತಾರಸಿಯಲ್ಲಿ ಪಗ್‌ನಂಥ ಮೊಂಡುಮೂಗಿನ ನಾಯಿಯನ್ನು ಬಿಟ್ಟುಹೋಗಬಾರದು.

ದೀಪಾವಳಿಗೆ ಮಾತ್ರ ಮೂರು ವಾರ ಮೊದಲೇ ಸಿದ್ಧತೆ ಬೇಕು. ಪಟಾಕಿ ಸದ್ದಿಗೆ ಬೆದರಿ ಓಡಿಹೋದ ನಾಯಿಗಳು ಮನೆ ದಾರಿ ಮರೆಯುತ್ತವೆ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಫೋನ್ ಸಂಖ್ಯೆ ಕೊರೆಸಿ, ಸಾಧ್ಯವಾದರೆ ಮೈಕ್ರೋಚಿಪ್ ಹಾಕಿಸಿ, ಕಿಟಕಿ ಕಡಿಮೆಯಿರುವ ಒಳಕೋಣೆಯಲ್ಲಿ ಹಾಸಿಗೆ ಹಾಕಿ ಮೊದಲಿನಿಂದಲೇ ಅಲ್ಲಿ ಮಲಗುವ ರೂಢಿ ಮಾಡಿಸಬೇಕು. ಹಿಂದಿನ ವರ್ಷ ನಡುಗಿ ಊಟ ಬಿಟ್ಟಿದ್ದ ನಾಯಿಯಾದರೆ ಭಯ ತಗ್ಗಿಸುವ ಔಷಧದ ಬಗ್ಗೆ ವೈದ್ಯರನ್ನು ಕೇಳಬಹುದು. ಹಣತೆಗಳ ಸಾಲು ಬಾಲದ ಎತ್ತರಕ್ಕಿಂತ ಮೇಲಿರಲಿ.

ಹಂತ 9: ಅವಘಡದ ಹೊತ್ತಿಗೆ ಬೇಕಾದದ್ದು

ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಪಶು ಆಸ್ಪತ್ರೆ ಮನೆಗೆ ಎಷ್ಟು ದೂರ, ಸಂಜೆ ಏಳರ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಎಂಬುದನ್ನು ಮೊದಲೇ ತಿಳಿದುಕೊಂಡಿರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಊರಿನ ಉತ್ತರ ಭಾಗದವರಿಗೆ ಅನುಕೂಲ, ಆದರೆ ಎಲೆಕ್ಟ್ರಾನಿಕ್ ಸಿಟಿಯವರು ಸಿಲ್ಕ್ ಬೋರ್ಡ್ ದಾಟಿ ಅಲ್ಲಿಗೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹತ್ತಿರದ ಎರಡು ಆಸ್ಪತ್ರೆಗಳ ಸಂಖ್ಯೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಹೊರಡುವ ಮುನ್ನ ಕರೆ ಮಾಡಿ ಹೋಗಬೇಕು.

ವಿಷ ತಿಂದ ಅನುಮಾನವಿದ್ದರೆ ಲಕ್ಷಣಗಳಿಗೆ ಕಾಯಬಾರದು. ವಾಂತಿ ಮಾಡಿಸುವುದು ಮೊದಲ ಒಂದೆರಡು ಗಂಟೆಯೊಳಗೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ, ಅದನ್ನು ವೈದ್ಯರೇ ಮಾಡಬೇಕು. ಮನೆಯಲ್ಲಿ ಉಪ್ಪುನೀರು ಕುಡಿಸಿದರೆ ಉಪ್ಪೇ ವಿಷವಾಗಬಹುದು, ಹಾಲು ಯಾವ ವಿಷವನ್ನೂ ಕಳೆಯುವುದಿಲ್ಲ, ಆಸಿಡ್ ಅಥವಾ ಸೀಮೆಎಣ್ಣೆ ಕುಡಿದಿದ್ದರೆ ವಾಂತಿಯಿಂದ ಹಾನಿ ಇಮ್ಮಡಿಸುತ್ತದೆ. ಮೈಗೆ ಅಂಟಿದ್ದನ್ನು ಮಾತ್ರ ಪಾತ್ರೆ ತೊಳೆಯುವ ದ್ರವ ಬಳಸಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬಹುದು. ತಿಂದದ್ದರ ಪೊಟ್ಟಣ, ಮಾತ್ರೆಯ ಪಟ್ಟಿ, ಗಿಡದ ರೆಂಬೆ, ವಾಂತಿಯ ಚೂರು ಏನೇ ಸಿಕ್ಕಿದರೂ ಒಂದು ಕವರಿಗೆ ಹಾಕಿ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ತಿಂದಿತು, ಪ್ರಾಣಿಯ ತೂಕವೆಷ್ಟು ಎಂಬ ಮೂರು ವಿವರಗಳನ್ನು ಫೋನಿನಲ್ಲೇ ಹೇಳಿದರೆ ನೀವು ತಲುಪುವಷ್ಟರಲ್ಲಿ ವೈದ್ಯರು ಪ್ರತಿವಿಷವನ್ನು ಸಿದ್ಧವಾಗಿಟ್ಟಿರಬಹುದು.